ನಾಣ್ಯದ ಗಣಿಯಲ್ಲಿ ಸ್ಮೃತಿಯ ಲೆಕ್ಕ

ಗಣಿಗಾರಿಕೆಯೆಂದರೆ ನೆಲವನ್ನು ಅಗೆಯುವ ಕೆಲಸವೆಂದು ನಾವೆಲ್ಲ ಬಲ್ಲೆವು. ಆದರೆ ಕ್ರಿಪ್ಟೋಕರೆನ್ಸಿ ಎಂಬ ನಾಣ್ಯದ ಗಣಿಯಲ್ಲಿ ಗಣಕಯಂತ್ರವೇ ಗುದ್ದಲಿ, ಲೆಕ್ಕವೇ ಅಗೆತ. ವ್ಯವಹಾರಗಳ ಪಟ್ಟಿಗೆ ಒಂದು ಸಂಖ್ಯೆಯನ್ನು ಸೇರಿಸಿ, ಗೊತ್ತಾದ ಕ್ರಮದಲ್ಲಿ ಗಣಿಸಿ, ಬಂದ ಫಲವು ನಿಗದಿಯಾದ ಮಿತಿಗಿಂತ ಚಿಕ್ಕದೇ ಎಂದು ನೋಡಬೇಕು. ಅಲ್ಲವಾದರೆ ಬೇರೊಂದು ಸಂಖ್ಯೆಯಿಂದ ಮರಳಿ ಯತ್ನ.

ಮೊನೇರೊ ಎಂಬ ನಾಣ್ಯವು 2019ರ ನವೆಂಬರ್ 30ರಂದು ರ್‍ಯಾಂಡಮ್‌ಎಕ್ಸ್ ಎಂಬ ಗಣನಕ್ರಮವನ್ನು ಅಂಗೀಕರಿಸಿತು. ಇದೊಂದೇ ಕೆಲಸಕ್ಕೆಂದು ಮಾಡಿದ ವಿಶೇಷ ಯಂತ್ರಗಳು ಮೇಲುಗೈ ಪಡೆಯದೆ, ಸಾಮಾನ್ಯ ಗಣಕಯಂತ್ರಗಳೂ ಸ್ಪರ್ಧೆಯಲ್ಲಿ ಉಳಿಯಲೆಂಬುದು ಇದರ ಉದ್ದೇಶ. ಆದಕಾರಣ ಇಲ್ಲಿ ಗಣನೆಯ ವೇಗದಷ್ಟೇ ಸ್ಮೃತಿಯ ವ್ಯವಸ್ಥೆಯೂ ಮುಖ್ಯ.

ಈ ಕ್ರಮಕ್ಕೆ ಬೇಕಾದ ಸ್ಮೃತಿ ಮೂರು ಬಗೆಯದು. ಮೊದಲನೆಯದು 256 ಮೆಗಾಬೈಟಿನ ಬೀಜಭಾಗ. ಅದರಿಂದ ಬೆಳೆಸಿದ 2,080 ಮೆಗಾಬೈಟಿನ ದತ್ತಾಂಶರಾಶಿ ಎರಡನೆಯದು. ಏಕಕಾಲದಲ್ಲಿ ನಡೆಯುವ ಪ್ರತಿಯೊಂದು ಗಣನೆಯ ಎಳೆಗೂ 2 ಮೆಗಾಬೈಟಿನ ಕೆಲಸದ ಹಲಗೆ ಮೂರನೆಯದು. ಒಂದು ಯತ್ನಕ್ಕೆ ರಾಶಿಯನ್ನು 16,384 ಬಾರಿ ಓದಬೇಕು. ಮುಂದೆ ಯಾವ ಸ್ಥಳವನ್ನು ಓದಬೇಕಾದೀತೆಂದು ಮುಂಚಿತವಾಗಿ ಊಹಿಸಲಾಗದು.

ಇಲ್ಲಿಯೇ ತೊಡಕು. ಗಣಕಯಂತ್ರವು ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸುತ್ತದೆ. ವಾಡಿಕೆಯ ಪುಟದ ಅಳತೆ 4 ಕಿಲೋಬೈಟ್. ಯಾವ ಪುಟ ಎಲ್ಲಿದೆಯೆಂಬ ದೊಡ್ಡ ಪಟ್ಟಿ ಸ್ಮೃತಿಯಲ್ಲಿರುತ್ತದೆ. ಪದೇ ಪದೇ ಬೇಕಾಗುವ ವಿಳಾಸಗಳನ್ನು ಪ್ರೊಸೆಸರ್ ತನ್ನೊಳಗಿನ ಕಿರುಸೂಚಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. 2015ರಲ್ಲಿ ಬಂದ ಇಂಟೆಲ್ ಸ್ಕೈಲೇಕ್ ಪ್ರೊಸೆಸರಿನಲ್ಲಿ ಈ ಸೂಚಿಯ ಎರಡನೆಯ ಹಂತಕ್ಕೆ 1,536 ಸಾಲುಗಳು. ದತ್ತಾಂಶರಾಶಿಯನ್ನು ಚಿಕ್ಕ ಪುಟಗಳಲ್ಲಿಟ್ಟರೆ 5,32,480 ಪುಟಗಳಾಗುತ್ತವೆ. ಸೂಚಿಯ ವ್ಯಾಪ್ತಿಗೆ ಬರುವುದು 6 ಮೆಗಾಬೈಟ್ ಮಾತ್ರ. ಹೀಗಾಗಿ ಬಹುಪಾಲು ಓದುಗಳಲ್ಲಿ ಮೊದಲು ದೊಡ್ಡ ಪಟ್ಟಿಯನ್ನು ಹುಡುಕಿ, ಆಮೇಲೆ ರಾಶಿಗೆ ಹೋಗಬೇಕಾಗುತ್ತದೆ.

ಪುಟದ ಅಳತೆಯನ್ನೇ 2 ಮೆಗಾಬೈಟಿಗೆ ಹಿಗ್ಗಿಸಿದರೆ? ಅದೇ ರಾಶಿ 1,040 ಪುಟಗಳಲ್ಲಿ ಮುಗಿಯುತ್ತದೆ. ವಿಳಾಸಗಳೆಲ್ಲ ಕಿರುಸೂಚಿಯಲ್ಲಿಯೇ ಹಿಡಿಸುತ್ತವೆ. ಗಣಿಗಾರರು ದೊಡ್ಡ ಪುಟಗಳನ್ನು ಬಯಸುವುದು ಇದಕ್ಕಾಗಿಯೇ.

ಎಷ್ಟು ಪುಟಗಳನ್ನು ಕಾದಿರಿಸಬೇಕು? ಎಂಟು ಎಳೆಗಳ ಯಂತ್ರವನ್ನು ತೆಗೆದುಕೊಳ್ಳೋಣ. ರಾಶಿಗೆ 1,040, ಬೀಜಭಾಗಕ್ಕೆ 128, ಹಲಗೆಗಳಿಗೆ 8, ಒಟ್ಟು 1,176. ಲಿನಕ್ಸಿನಲ್ಲಿ ಸ್ವಲ್ಪ ಹೆಚ್ಚಾಗಿಯೇ 1,280 ಎಂದು ನಿಗದಿಪಡಿಸುವುದು ವಾಡಿಕೆ. ವಿಂಡೋಸಿನಲ್ಲಿಯಾದರೆ ಪುಟಗಳನ್ನು ಸ್ಮೃತಿಯಲ್ಲಿ ಕದಲದಂತೆ ಹಿಡಿದಿಡುವ ಹಕ್ಕನ್ನು ಬಳಕೆದಾರನಿಗೆ ಕೊಡಬೇಕು. ದೊಡ್ಡ ಪುಟಕ್ಕೆ ಎಡೆಬಿಡದ ಜಾಗ ಬೇಕಾದುದರಿಂದ, ಸ್ಮೃತಿ ಚೂರುಚೂರಾಗುವ ಮುನ್ನ, ಯಂತ್ರ ಆರಂಭವಾದೊಡನೆ ಕಾದಿರಿಸುವುದು ಲೇಸು.

ಎಳೆಗಳ ಸಂಖ್ಯೆಗೂ ಮಿತಿಯುಂಟು. ಕೆಲಸದ ಹಲಗೆಗಳು ಪ್ರೊಸೆಸರಿನ ಮೂರನೆಯ ಹಂತದ ಕ್ಯಾಷ್‌ನಲ್ಲಿ ಹಿಡಿಸಬೇಕು. ಅದು 16 ಮೆಗಾಬೈಟ್ ಇದ್ದರೆ ಎಂಟು ಎಳೆಗಳು ಸಾಕು. ಹೆಚ್ಚಿಸಿದರೆ ಹಲಗೆಗಳು ನಿಧಾನದ ಮುಖ್ಯ ಸ್ಮೃತಿಗೆ ಚೆಲ್ಲುತ್ತವೆ.

ಲಾಭವಿದ್ದಲ್ಲಿ ನಷ್ಟವೂ ಉಂಟು. 1,280 ಪುಟಗಳೆಂದರೆ 2,560 ಮೆಗಾಬೈಟ್. 4,096 ಮೆಗಾಬೈಟಿನ ಯಂತ್ರದಲ್ಲಿ ಇಷ್ಟನ್ನು ಕಾದಿರಿಸಿದರೆ ಉಳಿದೆಲ್ಲ ಕೆಲಸಕ್ಕೆ 1,536 ಮಾತ್ರ ಮಿಗುತ್ತದೆ. ಗಣಿಯ ಕೆಲಸ ನಿಂತರೂ ಕಾದಿರಿಸಿದ ಜಾಗ ತಾನಾಗಿ ಬಿಡುಗಡೆಯಾಗದು. ಬೀಜಭಾಗವೊಂದರಿಂದಲೇ ನಡೆಸುವ ಹಗುರ ವಿಧಾನವೂ ಇದೆ. ಆದರೆ ಅದರಲ್ಲಿ ರಾಶಿಯ ಅಂಶಗಳನ್ನು ಪ್ರತಿಬಾರಿಯೂ ಹೊಸದಾಗಿ ಗಣಿಸಬೇಕಾಗುವುದರಿಂದ, ಅದು ಇತರರ ಫಲವನ್ನು ಪರೀಕ್ಷಿಸಲು ಯೋಗ್ಯವೇ ಹೊರತು ಗಣಿಗಾರಿಕೆಗಲ್ಲ. ಕಾಲೇಜಿನ ಯಂತ್ರದಲ್ಲಿ ಅನುಮತಿಯಿಲ್ಲದೆ ಈ ಕೆಲಸಕ್ಕೆ ಕೈಹಾಕುವುದಂತೂ ಸಹಪಾಠಿಗಳ ಸ್ಮೃತಿಯನ್ನೂ ಸಂಸ್ಥೆಯ ವಿದ್ಯುತ್ತನ್ನೂ ಕದ್ದಂತೆ.

ಈಗ ವಾಚಕರು ತಾವೇ ಒಂದು ಲೆಕ್ಕ ಮಾಡಿನೋಡಲಿ: ಮೂರನೆಯ ಹಂತದ ಕ್ಯಾಷ್ 12 ಮೆಗಾಬೈಟ್ ಇದ್ದರೆ ಎಳೆಗಳೆಷ್ಟು, ಪುಟಗಳೆಷ್ಟು? ಆರು ಎಳೆಗಳು, 1,174 ಪುಟಗಳು ಎಂಬ ಉತ್ತರ ಬಂದರೆ ಪಾಠ ಮನದಟ್ಟಾಯಿತೆಂದು ತಿಳಿಯಬಹುದು.