ಭೌತಚಿಕಿತ್ಸೆಯಲ್ಲಿ ರೋಗಿಯ ಪಾಲು

ಮುರಿದ ಮೂಳೆಯು ಕೂಡಿಕೊಂಡಿತೆಂದರೆ ಚಿಕಿತ್ಸೆಯು ಮುಗಿಯಿತೆಂದು ಬಹುಜನರು ಭಾವಿಸುತ್ತಾರೆ. ವಾಸ್ತವವಾಗಿ ಆಗ ಮುಗಿಯುವುದು ಅದರ ಒಂದು ಭಾಗ ಮಾತ್ರ. ಆರು ವಾರಗಳ ಕಾಲ ಪ್ಲಾಸ್ಟರಿನೊಳಗೆ ಅಲುಗಾಡದೆ ಇದ್ದ ಕಾಲನ್ನು ಕಂಡವರಿಗೆ ಇದರ ಅರಿವಾದೀತು. ತೊಡೆಯ ಮುಂಭಾಗದ ಸ್ನಾಯುವು ಸೊರಗಿರುತ್ತದೆ. ಕೀಲಿನ ಸುತ್ತಣ ಭಾಗವು ಬಿಗಿದುಕೊಂಡಿರುತ್ತದೆ. ಮೊಣಕಾಲು ಮಡಿಸಿದರೆ ಮಡಿಯದು. ಇಂತಹ ಅಂಗಕ್ಕೆ ಚಲನೆಯನ್ನೂ ಬಲವನ್ನೂ ಮರಳಿ ತಂದುಕೊಡುವ ವಿದ್ಯೆಯೇ ಭೌತಚಿಕಿತ್ಸೆ. ಜನರ ಬಾಯಲ್ಲಿ ಇದು ಫಿಜಿಯೊಥೆರಪಿ.

ಈ ವಿದ್ಯೆಯು ತೀರ ಹೊಸದೇನೂ ಅಲ್ಲ. ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬವರು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅಂಗಸಾಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಮುಂದೆ ಮಹಾಯುದ್ಧಗಳ ಗಾಯಾಳುಗಳೂ ಪೋಲಿಯೊ ಪೀಡಿತರಾದ ಮಕ್ಕಳೂ ಇದರ ಅಗತ್ಯವನ್ನು ಲೋಕಕ್ಕೆ ಮನಗಾಣಿಸಿದರು. ಭಾರತದಲ್ಲಿ 1950ರ ದಶಕದಲ್ಲಿ ಮುಂಬಯಿಯಲ್ಲಿ ಇದರ ಶಿಕ್ಷಣವು ವ್ಯವಸ್ಥಿತವಾಗಿ ಮೊದಲಾಯಿತು.

ಆದರೆ ಭೌತಚಿಕಿತ್ಸೆಯು ಗುಳಿಗೆಯಂತೆ ನುಂಗಿ ಮರೆಯುವ ವಸ್ತುವಲ್ಲ. ಒಂದು ವಾರಕ್ಕೆ 168 ಗಂಟೆಗಳು. ವಾರಕ್ಕೆ ಎರಡು ಸಲ ಅರ್ಧ ಗಂಟೆಯಂತೆ ಆಸ್ಪತ್ರೆಗೆ ಹೋದವನು ಚಿಕಿತ್ಸಕರ ಬಳಿ ಕಳೆಯುವುದು ಒಂದೇ ಗಂಟೆ. ಉಳಿದ 167 ಗಂಟೆಗಳು ಅವನ ಮನೆಯವು. ಆ ಒಂದು ಗಂಟೆಯು ಮುಖ್ಯವಾಗಿ ಕಲಿಯುವುದಕ್ಕಾಗಿ. ಕಾಲು ಬಲಗೊಳ್ಳುವುದು ಮನೆಯ ಚಾಪೆಯ ಮೇಲೆ.

ಮಲೆನಾಡಿನ ಒಬ್ಬ ಕೊನೆಗಾರನ ಸಂಗತಿಯನ್ನು ಊಹಿಸಿಕೊಳ್ಳಬಹುದು. ಆಷಾಢದ ಮಳೆಯಲ್ಲಿ ಅಡಿಕೆ ಮರಗಳಿಗೆ ಕೊಳೆರೋಗದ ಮದ್ದು ಹೊಡೆಯುವಾಗ ಜಾರಿಬಿದ್ದು ಅವನ ಮೊಣಕಾಲ ಚಿಪ್ಪು ಒಡೆಯಿತು. ಪ್ಲಾಸ್ಟರು ತೆಗೆದ ಮೇಲೆ ಅವನು ಭೌತಚಿಕಿತ್ಸೆಗೆ ಬಂದನು. ಸುಗ್ಗಿಗೆ ಮೂರು ತಿಂಗಳಿಲ್ಲ. ಮರ ಹತ್ತದಿದ್ದರೆ ಮನೆಯಲ್ಲಿ ಒಲೆ ಉರಿಯದು.

ಚಿಕಿತ್ಸಕಿಯು ಕೋನಮಾಪಕವನ್ನು ಹಿಡಿದು ಅಳೆದಾಗ ಮೊಣಕಾಲು ಮಡಿದುದು 60 ಡಿಗ್ರಿ ಮಾತ್ರ. "ಏನಾಗಬೇಕು ನಿಮಗೆ?" ಎಂದು ಅವರು ಕೇಳಿದರು. "ಗುಣವಾಗಬೇಕಮ್ಮಾ" ಎಂದನು. ಎಲ್ಲರೂ ಕೊಡುವ ಉತ್ತರವಿದು. ಇದರಿಂದ ಚಿಕಿತ್ಸಕರಿಗೆ ತಿಳಿಯುವುದು ಸ್ವಲ್ಪವೇ. ಮತ್ತೆ ಕೇಳಿದಾಗ, ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕುಳಿತು ಉಣ್ಣಬೇಕು, ಮರ ಹತ್ತಬೇಕು ಎಂದು ಹೇಳಿದನು. ಕುರ್ಚಿಯಿಂದ ಏಳಲು ಮೊಣಕಾಲು ಸುಮಾರು 90 ಡಿಗ್ರಿ ಮಡಿದರೆ ಸಾಕಾದೀತು. ಕುಕ್ಕರಗಾಲಿನಲ್ಲಿ ಕೂರಲು 120ಕ್ಕೂ ಮಿಗಿಲು ಬೇಕು. ರೋಗಿಯ ಬದುಕು ಏನನ್ನು ಬೇಡುತ್ತದೆ ಎಂಬುದು ತಿಳಿದರೆ ಮಾತ್ರ ವ್ಯಾಯಾಮವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಬಹುದು. ನೆಲದ ಮೇಲೆ ಕೂರುವುದು ಮೊದಲ ಗುರಿ, ಮರದ ಮಾತು ಮೂಳೆಯ ವೈದ್ಯರ ಒಪ್ಪಿಗೆಯ ನಂತರ ಎಂದು ನಿಶ್ಚಯವಾಯಿತು.

ಅವರು ಎಂಟು ವ್ಯಾಯಾಮಗಳನ್ನು ತೋರಿಸಿದರು. ಅವನು ಎಲ್ಲಕ್ಕೂ ತಲೆಯಾಡಿಸಿದನು. ಮುಂದಿನ ಭೇಟಿಯಲ್ಲಿ "ಮಾಡಿದಿರಾ?" ಎಂದು ಕೇಳಿದಾಗ "ದಿನಾ ಮಾಡಿದೆ" ಎಂದುಬಿಟ್ಟನು. ಸುಳ್ಳು ಹೇಳಿದ್ದು ದುರುದ್ದೇಶದಿಂದಲ್ಲ, ಸಂಕೋಚದಿಂದ. ಆದರೆ ಮೊಣಕಾಲು ಸಂಕೋಚವನ್ನು ಬಲ್ಲುದೇ? ಕಾಲು ಆಗಲೇ ಪಳಗಿರಬೇಕೆಂದು ಭಾವಿಸಿ ಚಿಕಿತ್ಸಕಿಯು ವ್ಯಾಯಾಮವನ್ನು ಹೆಚ್ಚಿಸಿದರು. ಆ ರಾತ್ರಿ ಮೊಣಕಾಲು ಊದಿಕೊಂಡಿತು. ಎರಡು ದಿನ ನೆಲಕ್ಕೆ ಊರಲಾಗಲಿಲ್ಲ.

ಮೂರನೆಯ ಸಲ ಅವನ ಹೆಂಡತಿಯೂ ಜೊತೆಗೆ ಬಂದಳು. ನಿಜಸ್ಥಿತಿಯು ಹೊರಬಿದ್ದುದು ಅವಳಿಂದ. ಎಂಟರಲ್ಲಿ ಐದು ಅವನಿಗೆ ಮರೆತುಹೋಗಿದ್ದವು. ಉಳಿದವುಗಳನ್ನು ನೋವಿಗೆ ಹೆದರಿ ಬಿಟ್ಟಿದ್ದನು. ಚಿಕಿತ್ಸಕಿಯು ಗದರಲಿಲ್ಲ. ಎಂಟನ್ನು ಮೂರಕ್ಕೆ ಇಳಿಸಿದರು. ಮಡಿಸಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು ಅದನ್ನು ಐದು ಎಣಿಸುವವರೆಗೆ ಒತ್ತಿಹಿಡಿಯುವುದು. ಮಲಗಿಕೊಂಡು ಹಿಮ್ಮಡಿಯನ್ನು ಮೆಲ್ಲನೆ ಪೃಷ್ಠದತ್ತ ಸರಿಸುವುದು. ಕಾಲನ್ನು ನೇರವಾಗಿ ಮೇಲೆತ್ತುವುದು. ಇವನ್ನು ಸ್ನಾನಕ್ಕೆ ಮುಂಚೆ, ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಮಲಗುವ ಮುನ್ನ ಮಾಡಬೇಕೆಂದರು. ಬಳಿಕ ಅವನ ಕೈಯಲ್ಲೇ ಮಾಡಿಸಿ, ತಪ್ಪಿದಲ್ಲಿ ತಿದ್ದಿದರು. ನೋಡಿ ಕಲಿತುದು ಬಸ್ಸು ಹತ್ತುವಷ್ಟರಲ್ಲಿ ಮರೆಯುವುದುಂಟು. ಅಲ್ಲಿಯೇ ಮಾಡಿ ತೋರಿಸಿದುದು ಅಷ್ಟು ಬೇಗ ಮರೆಯದು.

ನೋವಿನ ವಿಚಾರವನ್ನೂ ಅಂದೇ ವಿವರಿಸಿದರು. ಮಾಡುವಾಗ ಎಳೆದಂತಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವಿಗೆ ಅಂಜಬೇಕಿಲ್ಲ. ಮರುದಿನಕ್ಕೂ ಉಳಿದರೆ, ಬಾವು ಬಂದರೆ, ವ್ಯಾಯಾಮವು ಅಧಿಕವಾಯಿತೆಂದು ತಿಳಿದು ಕಡಿಮೆಮಾಡಿ, ಮುಂದಿನ ಭೇಟಿಯಲ್ಲಿ ಹೇಳಬೇಕು. ಮೀನಖಂಡವು ಊದಿ ಬಿಸಿಯಾಗಿ ನೋಯತೊಡಗಿದರೆ ಮಾತ್ರ ಕಾಯಕೂಡದು. ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿರುವ ಸಂಭವವಿರುವುದರಿಂದ ಆ ದಿನವೇ ವೈದ್ಯರ ಬಳಿಗೆ ಹೋಗಬೇಕು. ಅದರೊಡನೆ ಉಸಿರುಕಟ್ಟಿದರೆ ಅದು ಪ್ರಾಣಾಪಾಯದ ಸೂಚನೆ.

ಹೆಂಡತಿಯು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಗೆರೆಗಳನ್ನು ಎಳೆಯತೊಡಗಿದಳು. ತಪ್ಪಿದ ಹೊತ್ತಿಗೆ ಸೊನ್ನೆ. ಭೇಟಿಯ ದಿನ ಆ ಹಾಳೆಯೂ, ಎಕ್ಸ್‌ರೇಯೂ, ಕೇಳಬೇಕಾದ ಪ್ರಶ್ನೆಗಳ ಚೀಟಿಯೂ ಒಂದೇ ಚೀಲದಲ್ಲಿ ಬರುತ್ತಿದ್ದವು. ಮೊಣಕಾಲಿನವರೆಗೆ ಸರಿಸಲು ಬರುವಂತೆ ಅವನು ಪಂಚೆ ಉಟ್ಟು ಬರುತ್ತಿದ್ದನು. ಸೊನ್ನೆಗಳು ಹೆಚ್ಚಾಗಿ ಮಧ್ಯಾಹ್ನದ ಸಾಲಿನಲ್ಲಿದ್ದುದನ್ನು ಕಂಡು ಚಿಕಿತ್ಸಕಿಯು ಆ ವ್ಯಾಯಾಮವನ್ನು ಸಂಜೆಗೆ ಬದಲಿಸಿದರು.

ದೀಪಾವಳಿಯ ಹಿಂದಿನ ವಾರ ಕೋನಮಾಪಕವು 115 ಡಿಗ್ರಿ ತೋರಿಸಿತು. ಹಬ್ಬದ ದಿನ ಅವನು ಗೋಡೆಗೆ ಒರಗಿ, ಒಂದು ಕಾಲನ್ನು ಅರ್ಧ ಮಡಿಸಿಕೊಂಡೇ ಎಲೆಯ ಮುಂದೆ ಕುಳಿತನು. ಮರಕ್ಕೆ ಆ ವರ್ಷ ಅವನ ತಮ್ಮ ಹತ್ತಿದನು. ಕೆಳಗೆ ಹಗ್ಗ ಹಿಡಿದು ಕೊನೆಗಳನ್ನು ಇಳಿಸಿಕೊಳ್ಳುವ ಕೆಲಸ ಇವನದಾಯಿತು.