ಪರದೇಶದಲ್ಲಿ ಮನೆಮಾಡಿದವರು

ಓದತಕ್ಕ ವೇದಭಾಗ: ಯೆರೆಮೀಯ 29ನೆಯ ಅಧ್ಯಾಯ, 1ರಿಂದ 7ರ ವರೆಗಿನ ವಚನಗಳು.

ಬಾಬೆಲಿಗೆ ಒಯ್ಯಲ್ಪಟ್ಟ ಜನರಿಗೆ ಪ್ರವಾದಿಯು ಬರೆದು ಕಳುಹಿಸಿದ ಕಾಗದವನ್ನು ಮೊದಲು ಓದಿ, ಆಮೇಲೆ ಈ ಪಾಠವನ್ನು ಕೈಗೆ ತೆಗೆದುಕೊಳ್ಳಬೇಕು. ಆ ವಚನಗಳಲ್ಲಿ ಯುದ್ಧದ ಮಾತಿಲ್ಲ, ಅದ್ಭುತದ ಮಾತೂ ಇಲ್ಲ. ಮನೆ ಕಟ್ಟುವದು, ತೋಟ ಮಾಡುವದು, ಅದರ ಫಲವನ್ನು ಉಣ್ಣುವದು, ಮಕ್ಕಳ ಮದುವೆ, ತಾವಿರುವ ಪಟ್ಟಣದ ಕ್ಷೇಮ, ಇವೇ ಅದರ ಸಂಗತಿಗಳು. ಸೇವೆಗಾಗಿ ಪರದೇಶಕ್ಕೆ ಹೋದವರ ಚರಿತ್ರೆಯನ್ನು ನಾವು ಕೇಳುವಾಗ ಅವರು ಹಡಗು ಹತ್ತಿದ ದಿನವನ್ನೂ ಸತ್ತ ದಿನವನ್ನೂ ಕೇಳುತ್ತೇವೆ. ನಡುವಿನ ದಿನಗಳಲ್ಲಿ ಏನು ಉಂಡರು, ಯಾರ ಭಾಷೆಯಲ್ಲಿ ನೀರು ಕೇಳಿದರು, ನೆರೆಯವರೊಂದಿಗೆ ಹೇಗೆ ನಡಕೊಂಡರು ಎಂಬದನ್ನು ಹೇಳುವವರು ಕಡಿಮೆ. ಆದರೆ ಸೇವೆಯು ನಿಲ್ಲುವದೂ ಬೀಳುವದೂ ಆ ದಿನಗಳಲ್ಲಿಯೇ. ಆದಕಾರಣ ಈ ಸಾರಿ, ಬಿಳಿಯ ಉಪದೇಶಿಗಳನ್ನಲ್ಲ, ದಾಸತ್ವದಿಂದ ಬಿಡುಗಡೆಯಾದ ಕೆಲವು ಬಡ ಕುಟುಂಬಗಳವರನ್ನು ಕುರಿತು ವಿಚಾರಿಸೋಣ.

1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿದ ಬಾಸೆಲ್ ಮಿಶನ್, ಅದಕ್ಕೆ ಆರು ವರುಷಗಳ ಮುಂಚೆ, ಅಂದರೆ 1828ರಲ್ಲಿ, ಆಫ್ರಿಕ ಖಂಡದ ಪಡುವಣ ತೀರಕ್ಕೆ ನಾಲ್ವರನ್ನು ಕಳುಹಿಸಿತ್ತು. ಆ ಸೀಮೆಗೆ ಆಗ ಚಿನ್ನದ ಕರಾವಳಿ ಎಂದು ಹೆಸರು. 1957ರಲ್ಲಿ ಸ್ವತಂತ್ರವಾದಂದಿನಿಂದ ಘಾನಾ ಎನ್ನುತ್ತಾರೆ. ಆ ನಾಲ್ವರಲ್ಲಿ ಮೂವರು ಕೆಲವೇ ತಿಂಗಳುಗಳಲ್ಲಿ ಜ್ವರದಿಂದ ತೀರಿಹೋದರು. 1832ರಲ್ಲಿ ಮತ್ತೆ ಮೂವರು ಹೋದರು. ಅವರಲ್ಲಿ ಒಬ್ಬರು ವೈದ್ಯರು. ಎಲ್ಲರ ಜ್ವರವನ್ನು ವಾಸಿಮಾಡಬೇಕಾಗಿದ್ದ ಆ ವೈದ್ಯರೇ ಮುಂಚಿತವಾಗಿ ಸತ್ತರು. ಉಳಿದವರು ಆಂದ್ರೆಯಾಸ್ ರೀಸ್ ಒಬ್ಬರೇ. ಅವರನ್ನು ಬದುಕಿಸಿದವನು ಆ ದೇಶದ ನಾಟಿವೈದ್ಯನು. ಅವರು 1835ರಲ್ಲಿ ಕರಾವಳಿಯನ್ನು ಬಿಟ್ಟು, ಸುಮಾರು ಮೂವತ್ತು ಮೈಲು ಒಳಗೆ ಗುಡ್ಡಗಳ ಮೇಲಿರುವ ಅಕ್ರೊಪೊಂಗ್ ಎಂಬ ಊರಿಗೆ ಹೋಗಿ ತಮ್ಮ ಕೈಯಿಂದಲೇ ಮನೆ ಕಟ್ಟಿದರು. ಊರವರು ಅವರಿಗೆ ಮನೆ ಕಟ್ಟುವವನು ಎಂಬ ಅರ್ಥವುಳ್ಳ ಒಸಿಯಾದಾನ್ ಎಂಬ ಹೆಸರನ್ನಿಟ್ಟರು. ಅವರ ಉಪದೇಶವನ್ನು ನೋಡಿ ಅಲ್ಲ, ಮನೆಯನ್ನು ನೋಡಿ ಹೆಸರಿಟ್ಟರೆಂಬದನ್ನು ಗಮನಿಸಿರಿ.

ಆದರೂ ಒಬ್ಬನಾದರೂ ದೀಕ್ಷಾಸ್ನಾನ ಹೊಂದಲಿಲ್ಲ. 1840ರಲ್ಲಿ ರೀಸರು ಹಿಂದಿರುಗುವಾಗ ಆ ಸೀಮೆಯ ಅರಸನಾದ ಅದ್ದೊ ದಂಕ್ವನು, ಗ್ರಂಥವು ಬಿಳಿಯರಿಗಾಗಿಯೇ ಕೊಡಲ್ಪಟ್ಟದ್ದೆಂದು ತಾವು ತಿಳಿದಿರುವದಾಗಿಯೂ, ತಮ್ಮ ಹಾಗೆ ಕಪ್ಪಾಗಿದ್ದು ಆ ಗ್ರಂಥವನ್ನು ಓದಬಲ್ಲವರನ್ನು ತೋರಿಸಿದರೆ ಆಗ ಕೇಳುವದಾಗಿಯೂ ಹೇಳಿದನೆಂದು ಅಲ್ಲಿಯ ಸಭೆಯವರು ತಲೆತಲಾಂತರಕ್ಕೆ ಹೇಳುತ್ತಾ ಬಂದಿದ್ದಾರೆ. ಈ ಮಾತನ್ನು ನಮ್ಮ ಹಳ್ಳಿಯವರೂ ಆಡಿದ್ದುಂಟು. ಇದು ದೊರೆಗಳ ಮತವಲ್ಲವೇ ಎಂದು ಕೇಳಿಸಿಕೊಳ್ಳದ ಕುಟುಂಬ ನಮ್ಮ ಸಭೆಗಳಲ್ಲಿ ಯಾವದಿದೆ?

ಅಂಥ ಜನರು ಎಲ್ಲಿ ಸಿಕ್ಕುವರು? ಅಟ್ಲಾಂಟಿಕ ಸಮುದ್ರದ ಆಚೆಗೆ, ಜಮೈಕ ದ್ವೀಪದಲ್ಲಿ ಇದ್ದರು. ಅವರ ಹಿರಿಯರು ಆಫ್ರಿಕದಿಂದ ಸರಪಣಿಯಲ್ಲಿ ಒಯ್ಯಲ್ಪಟ್ಟವರು. ಕಬ್ಬಿನ ತೋಟಗಳಲ್ಲಿ ದಾಸರಾಗಿ ದುಡಿದು ಸತ್ತವರು. ಇಂಗ್ಲಿಷರ ರಾಜ್ಯದಲ್ಲಿ ದಾಸತ್ವವನ್ನು ರದ್ದುಮಾಡುವ ಕಾನೂನು 1834ರಲ್ಲಿ ಜಾರಿಗೆ ಬಂದರೂ, ಪೂರ್ಣ ಬಿಡುಗಡೆ ಬಂದದ್ದು 1838ನೆಯ ಆಗಸ್ಟ್ 1ರಂದು. ಮೊರೇವಿಯ ಸಭೆಯವರು ಆ ದ್ವೀಪದಲ್ಲಿ ಬಹುಕಾಲದಿಂದ ಕೆಲಸಮಾಡಿದ್ದರು. ರೀಸರು ಅಲ್ಲಿಗೆ ಹೋಗಿ, ಆಫ್ರಿಕಕ್ಕೆ ಬರಲಿಕ್ಕೆ ಸ್ವಂತ ಇಷ್ಟದಿಂದ ಮುಂದೆ ಬರುವವರು ಯಾರೆಂದು ಕೇಳಿದಾಗ ಮೊದಲು ಬಹಳ ಮಂದಿ ಹಿಂಜರಿದರು. ಹಿಂಜರಿಯದೆ ಇದ್ದರೆ ಆಶ್ಚರ್ಯವಾಗುತ್ತಿತ್ತು. ಹಡಗು ಎಂಬ ಮಾತೇ ಆ ಮನೆಗಳಲ್ಲಿ ಅಪಶಕುನದ ಮಾತು. ಬಿಡುಗಡೆಯಾಗಿ ಐದು ವರುಷ ತುಂಬಿರಲಿಲ್ಲ. ಬಿಳಿಯನೊಬ್ಬನು ಬಂದು ಹಡಗು ಹತ್ತಿರೆಂದು ಕರೆದಾಗ ತಾಯಿಯಾದವಳು ಏನೆಂದುಕೊಂಡಾಳು?

ಕಡೆಗೆ ಮಕ್ಕಳುಮರಿ ಸಹಿತ ಸುಮಾರು 25 ಮಂದಿ ಒಪ್ಪಿದರು. ಒಡಂಬಡಿಕೆ ಏನೆಂದರೆ: ಮಿಶನಿನವರು ಮನೆಯನ್ನೂ ತೋಟಕ್ಕೆ ನೆಲವನ್ನೂ ಒದಗಿಸುವರು, ಇವರು ಐದು ವರುಷ ಮಿಶನಿನ ಕೆಲಸವನ್ನು ಮಾಡುವರು, ಆ ಮೇಲೆ ಮನಸ್ಸಿಲ್ಲದವರು ನಡತೆಯಲ್ಲಿ ತಪ್ಪದೆ ಇದ್ದರೆ ಮಿಶನಿನ ವೆಚ್ಚದಿಂದಲೇ ಊರಿಗೆ ಹಿಂದಿರುಗಬಹುದು. ಈ ಕಡೆಯ ಮಾತು ಬಹು ಬುದ್ಧಿಯ ಮಾತೆಂದು ನನಗೆ ತೋರುತ್ತದೆ. ಹಿಂದಿರುಗುವ ಬಾಗಿಲು ತೆರೆದಿದ್ದರೆ ಮಾತ್ರ, ಉಳಿದವನು ತನ್ನ ಮನಸ್ಸಿನಿಂದ ಉಳಿದನೆಂದು ಹೇಳಬಹುದು. 1843ನೆಯ ಫೆಬ್ರವರಿಯಲ್ಲಿ ಕಿಂಗ್‌ಸ್ಟನ್ ಪಟ್ಟಣವನ್ನು ಬಿಟ್ಟು, ಏಪ್ರಿಲಿನಲ್ಲಿ, ಪುನರುತ್ಥಾನದ ಹಬ್ಬದ ಸಮಯದಲ್ಲಿ, ಆಫ್ರಿಕದ ಕ್ರಿಸ್ತಿಯಾನ್ಸ್‌ಬೋರ್ಗ್ ಕೋಟೆಯ ಬಳಿ ಇಳಿದರು. ಕೆಲವು ವಾರಗಳ ತರುವಾಯ ಗುಡ್ಡ ಹತ್ತಿ ಅಕ್ರೊಪೊಂಗಿಗೆ ಸೇರಿದರು.

ಈಗ ದಿನದಿನದ ಜೀವನಕ್ಕೆ ಬರೋಣ. ಜಮೈಕವು ದ್ವೀಪವಾದದರಿಂದ ಗೋಧಿಹಿಟ್ಟು, ಉಪ್ಪುಮೀನು ಮುಂತಾದವುಗಳು ಹಡಗಿನಿಂದ ಬರುತ್ತಿದ್ದವು. ಅಕ್ರೊಪೊಂಗಿಗೆ ಗಾಡಿದಾರಿಯೇ ಇರಲಿಲ್ಲ. ಕರಾವಳಿಯಿಂದ ಬರಬೇಕಾದ ಪ್ರತಿಯೊಂದು ಸಾಮಾನು ಮನುಷ್ಯರ ತಲೆಯ ಮೇಲೆ ಬರಬೇಕಾಗಿತ್ತು. ಆ ಊರವರ ಊಟವೇನೆಂದರೆ, ಯಾಮ್ ಎಂಬ ದೊಡ್ಡ ಗೆಡ್ಡೆಯನ್ನಾಗಲಿ ಬಾಳೆಕಾಯಿಯನ್ನಾಗಲಿ ಬೇಯಿಸಿ, ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಮುದ್ದೆ ಮಾಡಿ, ನೆಲಗಡಲೆಯ ಅಥವಾ ಎಣ್ಣೆತಾಳೆಯ ಹಣ್ಣಿನ ಸಾರಿನಲ್ಲಿ ಅದ್ದಿ ನುಂಗುವದು. ಅಗಿಯಬಾರದು. ರಾಗಿಮುದ್ದೆಯನ್ನು ಉಣ್ಣುವ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಜಿ ಉಣ್ಣುವ ಕರಾವಳಿಯವರಿಗೆ ಅಭ್ಯಾಸವಾಗಲಿಕ್ಕೆ ಕೆಲವು ದಿನ ಬೇಕಾದೀತು.

ಹೊಸಬರು ಬರಿಗೈಯಲ್ಲಿ ಬಂದಿರಲಿಲ್ಲ. ತಮ್ಮ ದ್ವೀಪದ ಗೆಡ್ಡೆಗಳನ್ನೂ ಸಸಿಗಳನ್ನೂ ಹಡಗಿನಲ್ಲಿ ತಂದಿದ್ದರು. ಮಾವು, ಕಾಫಿ, ಬೆಣ್ಣೆಹಣ್ಣು, ಮತ್ತು ನಮ್ಮ ಕೆಸುವಿನ ಜಾತಿಗೆ ಸೇರಿದ ಒಂದು ದೊಡ್ಡ ಗೆಡ್ಡೆಯ ಗಿಡ, ಇವನ್ನು ಆ ಗುಡ್ಡಸೀಮೆಗೆ ತಂದವರು ಇವರೇ ಎಂದು ಘಾನಾದ ಸಭೆಯವರು ಇಂದಿಗೂ ಜ್ಞಾಪಕಮಾಡುತ್ತಾರೆ. ಆ ಕೆಸುವಿನ ಗೆಡ್ಡೆಯನ್ನು ಉಣ್ಣುತ್ತಾರೆ, ಎಳೆಯ ಎಲೆಗಳನ್ನು ಬೇಯಿಸಿ ಪಲ್ಯದಂತೆ ಮಾಡುತ್ತಾರೆ. ಪತ್ರೊಡೆಯ ರುಚಿ ಬಲ್ಲ ನಮ್ಮ ತಾಯಂದಿರು ಅಲ್ಲಿಗೆ ಹೋದರೆ ಆ ಎಲೆಯನ್ನು ಕಂಡು ಸಂತೋಷಪಡುವರು. ಮಾವಿನ ವಿಷಯದಲ್ಲಿ ಇನ್ನೊಂದು ಸಂಗತಿ ಉಂಟು. ಅದು ನಮ್ಮ ಹಿಂದೂದೇಶದ ಕಡೆಯ ಮರ. 1782ರಲ್ಲಿ ಇಂಗ್ಲಿಷರು ಹಿಡಿದ ಒಂದು ಫ್ರೆಂಚ್ ಹಡಗಿನಲ್ಲಿ ಅದರ ಸಸಿಗಳು ಜಮೈಕಕ್ಕೆ ಸೇರಿದವು. ಅಲ್ಲಿಂದ ಅರುವತ್ತು ವರುಷಗಳ ಮೇಲೆ ಈ ಬಡಜನರ ಕೈಯಿಂದ ಅಕ್ರೊಪೊಂಗಿಗೆ ಬಂತು. ಮಾವು ನೆಟ್ಟವನು ಮರುವರುಷವೇ ಹಣ್ಣು ತಿನ್ನುವದಿಲ್ಲ. ಐದು ವರುಷದ ಒಡಂಬಡಿಕೆಯ ಮೇಲೆ ಬಂದವನು ಮಾವನ್ನು ನೆಟ್ಟದ್ದು ಯಾಕೆಂಬದನ್ನು ಓದುವವರು ಯೋಚಿಸಲಿ.

ಭಾಷೆ ಕಷ್ಟವಾಯಿತು. ಇವರಿಗೆ ಇಂಗ್ಲಿಷು ಬರುತ್ತಿತ್ತು. ಊರವರದು ಚ್ವೀ ಭಾಷೆ. ದೊಡ್ಡವರ ನಾಲಿಗೆ ತಡವರಿಸುವಾಗ ಮಕ್ಕಳು ಬೀದಿಯಲ್ಲಿ ಆಡುತ್ತಾ ಕಲಿತರು. ಆದರೂ ಪೂರಾ ಅಪರಿಚಿತವಾದ ಮಾತುಗಳಾಗಿರಲಿಲ್ಲ. ಯಾಕಂದರೆ ಜಮೈಕಕ್ಕೆ ದಾಸರಾಗಿ ಹೋದವರಲ್ಲಿ ಬಹುಮಂದಿ ಈ ತೀರದಿಂದಲೇ ಹೋದವರು. ಈ ಜನರು ಮಗು ಹುಟ್ಟಿದ ವಾರವನ್ನು ನೋಡಿ ಹೆಸರಿಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ, ಸೋಮವಾರ ಹುಟ್ಟಿದವನು ಕ್ವಜೋ. ಜಮೈಕದ ತೋಟಗಳಲ್ಲಿ ಕಫಿ, ಕಜೋ ಎಂಬ ಹೆಸರುಗಳು ಉಳಿದಿದ್ದವು. ಅರ್ಥ ಮಾತ್ರ ಅನೇಕರಿಗೆ ಮರೆತುಹೋಗಿತ್ತು. ದಕ್ಷಿಣ ಕನ್ನಡದ ವಾಚಕರಿಗೆ ಇದು ಹೊಸದಲ್ಲ. ತುಳು ಸೀಮೆಯ ಐತ, ಅಂಗಾರ, ಗುರುವ, ತುಕ್ರ, ತನಿಯ ಎಂಬ ಹೆಸರುಗಳು ಇದೇ ರೀತಿಯವು. ನಮ್ಮ ತುಕ್ರನೂ ಅವರ ಕೋಫಿಯೂ ಒಂದೇ ವಾರದ ಮಕ್ಕಳು.

ನಡತೆಯ ಪಾಠವೂ ಇತ್ತು. ಎಡಗೈಯಿಂದ ಕೊಡಬಾರದು, ತಕ್ಕೊಳ್ಳಬಾರದು. ಮನೆಗೆ ಬಂದವನಿಗೆ ಮೊದಲು ಕೂತುಕೊಳ್ಳಲು ಸ್ಥಳ, ಕುಡಿಯಲು ನೀರು. ಅದಾದ ಮೇಲೆಯೇ ಬಂದ ಕಾರ್ಯವನ್ನು ಕೇಳುವದು. ವಂದನೆ ಹೇಳದೆ ಕೆಲಸದ ಮಾತೆತ್ತುವವನು ಎಷ್ಟು ಕಲಿತವನಾದರೂ ಅಲ್ಲಿ ಮರ್ಯಾದೆಯಿಲ್ಲದವನೇ. ಸೇವೆಮಾಡಬೇಕೆಂಬ ಅವಸರದಲ್ಲಿ ಬಂದವರಿಗೆ ಈ ಪಾಠ ಎಲ್ಲಕ್ಕಿಂತ ತಡವಾಗಿ ಹತ್ತುತ್ತದೆ.

ಎಲ್ಲವೂ ಸುಗಮವಾಗಿ ನಡೆಯಿತೆಂದು ಬರೆದರೆ ಸುಳ್ಳಾದೀತು. ರೀಸರಿಗೂ ಇವರಿಗೂ ಮನಸ್ತಾಪಗಳು ಹುಟ್ಟಿದವು. ಆಹಾರ, ಬಟ್ಟೆ, ಕೆಲಸಗಳ ವಿಷಯದಲ್ಲಿ ದೂರುಗಳಿದ್ದವು. ದಾಸತ್ವವನ್ನು ಕಂಡ ಜನರು ಒಡೆಯನ ಸ್ವರವನ್ನು ದೂರದಿಂದಲೇ ಗುರುತಿಸುತ್ತಾರೆ. ಆ ಸ್ವರವನ್ನು ಮತ್ತೆ ಕೇಳಿದರೆ ಸುಮ್ಮನಿರುವರೇ? 1845ರಲ್ಲಿ ರೀಸರು ಆ ದೇಶವನ್ನು ಬಿಟ್ಟುಹೋದರು. ಐದು ವರುಷ ತುಂಬಿದಾಗ, 1848ರಲ್ಲಿ, ಜಮೈಕದವರಲ್ಲಿಯೂ ಕೆಲವರು ಒಡಂಬಡಿಕೆಯ ಪ್ರಕಾರ ಊರಿಗೆ ಹಿಂದಿರುಗಿದರು. ಇವರನ್ನು ಹೇಡಿಗಳೆಂದು ಹೇಳುವದು ಸರಿಯಲ್ಲ. ಐದು ವರುಷ ಮಾಡುತ್ತೇವೆಂದರು, ಮಾಡಿದರು, ಹೋದರು.

ಇನ್ನೊಂದು ಸಂಗತಿಯನ್ನು ಮರೆಮಾಡಬಾರದು. ಆ ದೇಶದಲ್ಲಿ ಕ್ರೈಸ್ತರು ಊರ ಮಗ್ಗುಲಲ್ಲಿ ಪ್ರತ್ಯೇಕವಾದ ಕೇರಿಗಳಲ್ಲಿ ನೆಲೆಸಿದರು. ಅಂಥ ಕೇರಿಗಳಿಗೆ ಸಾಲೇಮ್ ಎಂದು ಹೆಸರು. ಶಾಲೆಯೂ ದೇವಾಲಯವೂ ಹತ್ತಿರವಿದ್ದದರಿಂದ ಹೊಸ ವಿಶ್ವಾಸಿಗಳಿಗೆ ಆಶ್ರಯವಾಯಿತು. ಅದೇ ಸಮಯದಲ್ಲಿ ಊರಿಗೂ ಅವರಿಗೂ ನಡುವೆ ಗೋಡೆಯೂ ಆಯಿತು. ಮಿಶನಿನ ಹಿತ್ತಲುಗಳಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಎರಡೂ ಗೊತ್ತು. ಪ್ರವಾದಿಯ ಕಾಗದದ ಏಳನೆಯ ವಚನವನ್ನು ಮತ್ತೊಮ್ಮೆ ಓದಿ, ಆ ಕ್ಷೇಮವು ಕೇರಿಯದೋ ಪಟ್ಟಣದ್ದೋ ಎಂದು ಸಭೆಯಲ್ಲಿ ವಿಚಾರಿಸಿಕೊಳ್ಳಿರಿ.

ಆ ಗುಂಪಿನಲ್ಲಿ ಕ್ಯಾಥರೀನ್ ಮಲ್ಗ್ರೇವ್ ಎಂಬ ಯುವತಿ ಇದ್ದಳು. ಅಂಗೋಲ ಸೀಮೆಯಲ್ಲಿ ಹುಟ್ಟಿ, ಚಿಕ್ಕ ಹುಡುಗಿಯಾಗಿದ್ದಾಗಲೇ ದಾಸರ ವ್ಯಾಪಾರಿಗಳ ಕೈಗೆ ಸಿಕ್ಕಿದವಳು. ಸುಮಾರು 1833ರಲ್ಲಿ ಅವಳನ್ನು ಒಯ್ಯುತ್ತಿದ್ದ ಹಡಗು ಜಮೈಕದ ತೀರದಲ್ಲಿ ಒಡೆದುಹೋದದರಿಂದ ಬಿಡುಗಡೆ ಹೊಂದಿದಳು. ಆ ದ್ವೀಪದ ಗವರ್ನರರ ಕುಟುಂಬದವರು ಸಾಕಿದರು. ಅವಳ ಹೆಸರು ಅವರಿಂದಲೇ ಬಂದದ್ದು. ಉಪಾಧ್ಯಾಯಿನಿಯಾಗಲು ಕಲಿತು, ಯುರೋಪಿನಲ್ಲಿ ಓದಿದ್ದ ಜಾರ್ಜ್ ತಾಮ್ಸನ್ ಎಂಬ ಆಫ್ರಿಕದವನನ್ನು ಮದುವೆಯಾಗಿ ಈ ಹಡಗು ಹತ್ತಿದಳು. ಆ ಮದುವೆ ಕೆಲವು ವರುಷಗಳಲ್ಲಿ ಮುರಿದುಹೋಯಿತು. ಪರದೇಶ, ಚಿಕ್ಕ ಮಕ್ಕಳು, ಗಂಡನಿಲ್ಲ. ಹಿಂದಿರುಗಿ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ಹೋಗಲಿಲ್ಲ, ಕರಾವಳಿಯಲ್ಲಿ ಹುಡುಗಿಯರ ಶಾಲೆಯನ್ನು ನಡಿಸುತ್ತಿದ್ದಳು. 1851ರಲ್ಲಿ ಯೋಹಾನ್ನೆಸ್ ತ್ಸಿಮ್ಮರ್ಮನ್ ಎಂಬ ಜರ್ಮನ್ ಉಪದೇಶಿಯು, ಬಾಸೆಲಿನ ಹಿರಿಯರ ಅಪ್ಪಣೆಗೆ ಕಾಯದೆ, ಆಕೆಯನ್ನು ಮದುವೆಯಾದನು. ಈತನೇ ಆ ಕರಾವಳಿಯ ಗಾ ಭಾಷೆಗೆ ಸತ್ಯವೇದವನ್ನು ತಂದವನು. ಆ ಅಮ್ಮನವರು 1891ರಲ್ಲಿ ಕ್ರಿಸ್ತಿಯಾನ್ಸ್‌ಬೋರ್ಗಿನಲ್ಲಿಯೇ ತೀರಿಕೊಂಡರು. ನಲ್ವತ್ತೆಂಟು ವರುಷ ಆ ದೇಶದಲ್ಲಿದ್ದರು. ಅವರು ಕಲಿಸಿದ ಹುಡುಗಿಯರು ಎಷ್ಟು ಮಂದಿಯೋ!

ಉಳಿದವರಲ್ಲಿ ಜಾನ್ ಹಾಲ್, ಅಲೆಕ್ಸಾಂಡರ್ ವರ್ದಿ ಕ್ಲರ್ಕ್ ಎಂಬವರ ಕುಟುಂಬಗಳಿದ್ದವು. ಕ್ಲರ್ಕರು ಬೋಧನೆಯ ಕೆಲಸದಲ್ಲಿಯೇ ಮುದುಕರಾಗಿ 1906ರಲ್ಲಿ ಸತ್ತರು. ಜಮೈಕವನ್ನು ಬಿಟ್ಟು ಆಗ ಅರುವತ್ತಮೂರು ವರುಷಗಳಾಗಿದ್ದವು. ಒಂದನೆಯ ಮಹಾಯುದ್ಧದಲ್ಲಿ ಇಂಗ್ಲಿಷ್ ಸರಕಾರದವರು ಮಂಗಳೂರಿನಲ್ಲಿ ಮಾಡಿದಂತೆಯೇ ಆ ದೇಶದಲ್ಲಿಯೂ ಬಾಸೆಲಿನ ಉಪದೇಶಿಗಳನ್ನು ಹೊರಡಿಸಿದರು. ಸಭೆಯನ್ನು ನಡಿಸುವವರು ಯಾರು ಎಂಬ ಪ್ರಶ್ನೆ ಬಂತು. 1918ರಲ್ಲಿ ಸಿನೊಡ್ ಕೂಡಿದಾಗ ಅದರ ಮೊದಲನೆಯ ಅಧ್ಯಕ್ಷರಾಗಿ ಆರಿಸಲ್ಪಟ್ಟವರು ಪೇತ್ರ ಹಾಲ್. ಇವರು ಜಾನ್ ಹಾಲರ ಮಗ, 1851ರಲ್ಲಿ ಆ ಮಣ್ಣಿನಲ್ಲಿಯೇ ಹುಟ್ಟಿದವರು. ಮೊದಲನೆಯ ಕಾರ್ಯದರ್ಶಿ ನಿಕೊಲಾಸ್ ತಿಮೊಥಿ ಕ್ಲರ್ಕ್. ಇವರು ಅಲೆಕ್ಸಾಂಡರ್ ಕ್ಲರ್ಕರ ಮಗ.

ಬರುವ ತಿಂಗಳ ಪಾಠಕ್ಕಾಗಿ ರೂತಳ ಪುಸ್ತಕದ ಮೊದಲಿನ ಎರಡು ಅಧ್ಯಾಯಗಳನ್ನು ಮನೆಯಲ್ಲಿ ಓದಿಕೊಂಡು ಬರಬೇಕು. ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.