ಎರಡು ಬಗೆಯ ಸ್ವಾತಂತ್ರ್ಯ

ಅಬಿಡ್ಸ್ ವೃತ್ತದಲ್ಲಿ ಜವಾಹರಲಾಲ್ ನೆಹರೂರವರ ಪ್ರತಿಮೆಯಿದೆ. ಅಲ್ಲಿಂದ ಅನತಿ ದೂರದಲ್ಲಿ ಸೇಂಟ್ ಜಾರ್ಜ್ ಚರ್ಚು ಇದೆ. ಮೊದಲನೆಯದು ನಮಗೆ ರಾಷ್ಟ್ರದ ಸ್ವಾತಂತ್ರ್ಯವನ್ನು ನೆನಪಿಗೆ ತರುತ್ತದೆ. ಎರಡನೆಯದರಲ್ಲಿ ಆತ್ಮದ ಸ್ವಾತಂತ್ರ್ಯವನ್ನು ಬೋಧಿಸುತ್ತಾರೆ. ಇವೆರಡೂ ಒಂದೆಯೆ?

ರಾಷ್ಟ್ರದ ಸ್ವಾತಂತ್ರ್ಯಕ್ಕೆ ದಿನಾಂಕವುಂಟು. ಭಾರತಕ್ಕೆ ಅದು 1947ರ ಆಗಸ್ಟ್ 15ರಂದು ಲಭಿಸಿತು. ನಿಜಾಮರ ಆಳ್ವಿಕೆಯಲ್ಲಿದ್ದ ಹೈದರಾಬಾದು, ಅದರೊಡನೆ ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡಿಗರು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. 1950ರಲ್ಲಿ ಸಂವಿಧಾನವು ಇದಕ್ಕೆ ಕಾನೂನಿನ ರಕ್ಷಣೆಯನ್ನಿತ್ತಿತು.

ಕ್ರೈಸ್ತರು ಹೇಳುವ ಸ್ವಾತಂತ್ರ್ಯದ ಬಗೆಯೇ ಬೇರೆ. ಅಲ್ಲಿ ಪಾಪ, ಭಯ, ಸ್ವಾರ್ಥಗಳೇ ದಬ್ಬಾಳಿಕೆಯ ಒಡೆಯರು. ಸಂತ ಪೌಲನು ಸೆರೆಯಲ್ಲಿದ್ದುಕೊಂಡೇ ಪತ್ರಗಳನ್ನು ಬರೆದನು. ಬೇಡಿ ಅವನ ಮೈಗಿತ್ತು, ಮನಸ್ಸಿಗಿರಲಿಲ್ಲ. ಬಿಡುಗಡೆ ಹೊಂದಿದವನು ಅದನ್ನು ಸ್ವೇಚ್ಛೆಗೆ ನೆವಮಾಡಿಕೊಳ್ಳದೆ, ಪ್ರೀತಿಯಿಂದ ಇತರರ ಸೇವೆಮಾಡಬೇಕೆಂಬುದು ಗಲಾತ್ಯದವರಿಗೆ ಅವನಿತ್ತ ಬೋಧೆ.

ಹಾಗಾದರೆ ಒಳಗಿನ ಬಿಡುಗಡೆಯೊಂದೇ ಸಾಕೆ? ಸಾಲದು. ತನ್ನನ್ನು ಅಗಲಿದ್ದ ದಾಸ ಒನೇಸಿಮನನ್ನು ಸಹೋದರನಂತೆ ಸ್ವೀಕರಿಸೆಂದು ಪೌಲನು ಫಿಲೆಮೋನನಿಗೆ ಬರೆದನು. ಆದರೂ ಕ್ರೈಸ್ತ ದೇಶಗಳಲ್ಲೇ ಗುಲಾಮಗಿರಿಯು ಶತಮಾನಗಳ ಕಾಲ ಉಳಿಯಿತು. ಅದನ್ನು ತೊಡೆಯಲು ಕಾನೂನೇ ಬೇಕಾಯಿತು. ತೆಲಂಗಾಣದಲ್ಲಿ ವೆಟ್ಟಿಚಾಕರಿಯೆಂದು ಹೆಸರಾಗಿದ್ದ ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿದೆ.

ಆದರೆ ಕಾನೂನು ಕೈಯನ್ನು ತಡೆಯಬಲ್ಲದು, ಮನಸ್ಸನ್ನು ತಿದ್ದಲಾರದು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಆದರೂ ಪಕ್ಕದಲ್ಲಿ ಕುಳಿತ ಸಹಪಾಠಿಯನ್ನು ಕೀಳೆಂದು ಎಣಿಸುವವನು ತನ್ನ ಅಹಂಕಾರಕ್ಕೆ ಇಂದಿಗೂ ದಾಸನೇ. ತನ್ನನ್ನು ತಾನು ಆಳಿಕೊಳ್ಳುವುದೇ ಸ್ವರಾಜ್ಯವೆಂದು ಗಾಂಧೀಜಿಯವರು 1909ರಲ್ಲಿ ‘ಹಿಂದ್ ಸ್ವರಾಜ್’ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ಎರಡು ಸ್ವಾತಂತ್ರ್ಯಗಳೂ ಸಂಧಿಸುವುದು ಇಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಮೊದಲನೆಯದನ್ನು ಹಿರಿಯರು ನಮಗೆ ಗಳಿಸಿಕೊಟ್ಟರು. ಎರಡನೆಯದನ್ನು ನಾವೇ ದಿನದಿನವೂ ಗಳಿಸಿಕೊಳ್ಳಬೇಕು.